ಶಾಸನದ ನಡುವಿನ ಸಾಲುಗಳು

(ಶಿವಮೊಗ್ಗದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಘ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಧ್ಯಯುಗ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಎರಡೇ ಚಿತ್ರ. ಕುದುರೆ ಮೇಲೆ ಕತ್ತಿ ಎತ್ತಿದ ರಾಜ ಒಂದು, ಹೊತ್ತಿ ಉರಿಯುವ ಕೋಟೆ ಇನ್ನೊಂದು. ರಾಜ ನಮ್ಮವನಾದರೆ ಸುವರ್ಣಯುಗ, ಬೇರೆಯವನಾದರೆ ಕತ್ತಲಯುಗ. ಅಲ್ಲಿಗೆ ಇತಿಹಾಸ ಮುಗಿಯಿತು, ವಾಟ್ಸಾಪಿನಲ್ಲಿ ಜಗಳ ಶುರುವಾಯಿತು.

ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ನನಗೆ ಹೇಳಬೇಕಾಗಿರುವುದು ಇಷ್ಟೇ. ಆ ಕಾಲದ ಜನ ಹೇಗಿದ್ದರು, ಏನಕ್ಕೆ ಹೊಡೆದಾಡಿದರು, ಯಾರಿಗೆ ಅನ್ನ ಹಾಕಿದರು ಅನ್ನುವುದನ್ನು ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ನಾವು ಅದರ ಮೊದಲ ನಾಲ್ಕು ಸಾಲು ಓದಿ ಎದ್ದು ಬಂದುಬಿಟ್ಟಿದ್ದೇವೆ.

ನಮ್ಮಲ್ಲಿ ಶಾಸನಗಳಿಗೆ ಬರ ಇಲ್ಲ. ಬಿ.ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಮಾಡಿಸಿದರಲ್ಲ, ಅದರಲ್ಲಿ ಆಗಿನ ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟ ಬೇಕಾಯಿತು. ಒಂದು 1902ರಲ್ಲಿ ಬಂತು, ಇನ್ನೊಂದು 1904ರಲ್ಲಿ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಂತೂ ಕೆರೆ ಏರಿ ಮೇಲೆ, ಗುಡಿ ಹಿಂದೆ, ಗದ್ದೆ ಬದುವಿನಲ್ಲಿ, ಎಲ್ಲಿ ನೋಡಿದರೂ ಕಲ್ಲು.

ಶಾಸನಕ್ಕೆ ಒಂದು ರಚನೆ ಇರುತ್ತದೆ. ಮೊದಲು ರಾಜನ ಹೊಗಳಿಕೆ. ಚಾಲುಕ್ಯರ ಕಾಲದ್ದಾದರೆ 'ಸ್ವಸ್ತಿ ಸಮಸ್ತ ಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ' ಅಂತ ಉಸಿರು ಕಟ್ಟುವ ಹಾಗೆ ಸಾಗುತ್ತದೆ. ಆಮೇಲೆ ನಡುವಿನ ಭಾಗ. ಯಾರು, ಯಾರಿಗೆ, ಏನು ಕೊಟ್ಟರು. ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ. ಮೂಡಣ ಗಡಿಗೆ ಯಾವ ಮರ, ತೆಂಕಣ ಗಡಿಗೆ ಯಾವ ಹಳ್ಳ. ಕೊನೆಯಲ್ಲಿ ಶಾಪ.

ಮೊದಲ ಭಾಗ ಇದೆಯಲ್ಲ, ಅದು ಇವತ್ತಿನ ಹುಟ್ಟುಹಬ್ಬದ ಫ್ಲೆಕ್ಸ್ ಇದ್ದ ಹಾಗೆ. ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿ ಯಾರನ್ನೋ ಅಭಿವೃದ್ಧಿಯ ಹರಿಕಾರ ಅಂತ ಬರೆದಿದ್ದರೆ ನಾವು ನಂಬುತ್ತೇವಾ? ನಕ್ಕು ಮುಂದೆ ಹೋಗುತ್ತೇವೆ. ಅದೇ ಮಾತು ಒಂಬೈನೂರು ವರ್ಷ ಹಳೆಯ ಕಲ್ಲಿನಲ್ಲಿದ್ದರೆ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಎಷ್ಟೋ ಸಲ ಆ ರಾಜನಿಗೆ ಆ ದಾನದ ವಿಷಯ ಗೊತ್ತೂ ಇರಲಿಕ್ಕಿಲ್ಲ. ಊರಿನ ಗೌಡನೋ ವರ್ತಕರೋ ದಾನ ಕೊಟ್ಟಿರುತ್ತಾರೆ. ಯಾರ ಆಳ್ವಿಕೆಯಲ್ಲಿ ಅಂತ ಹೇಳಬೇಕಲ್ಲ, ಅದಕ್ಕೆ ರಾಜನ ಹೆಸರು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನೇ ತಗೊಳ್ಳಿ. 1047ರಲ್ಲಿ ಚಾಮುಂಡರಾಯ ನಿಲ್ಲಿಸಿದ್ದು. ಇವತ್ತು ಗಂಡಭೇರುಂಡ ನಮ್ಮ ರಾಜ್ಯದ ಲಾಂಛನ, ವಿಧಾನಸೌಧದಿಂದ ಸರ್ಕಾರಿ ಕಾಗದದವರೆಗೂ ಅದೇ. ಆದರೆ ಬಳ್ಳಿಗಾವಿ ಸುತ್ತಿನ ಶಾಸನಗಳಲ್ಲಿ 'ಭೇರುಂಡ ಗಳೆ' ಅಂತ ಒಂದು ಅಳತೆಗೋಲು ಬರುತ್ತದೆ. ಗದ್ದೆ ಅಳೆಯುವ ಕೋಲು. ಕಂಬ ನೋಡಿದರೆ ನಮಗೆ ಹೆಮ್ಮೆ ಬರುತ್ತದೆ. ಅವತ್ತಿನ ರೈತನಿಗೆ ಭೇರುಂಡ ಅಂದರೆ ತನ್ನ ಹೊಲ ಎಷ್ಟಿದೆ ಅನ್ನುವ ಲೆಕ್ಕವೂ ಆಗಿತ್ತು.

ಬಳ್ಳಿಗಾವಿಗೆ ಬಂದಿದ್ದೇವೆ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಹೋಗಿರುತ್ತೀರಿ. ಕೆರೆಯ ಪಕ್ಕ, ಮೂರು ಗರ್ಭಗುಡಿಯ ದೇವಸ್ಥಾನ. ಅದಕ್ಕೆ ಸೇರಿದ ಕೋಡಿಯ ಮಠವನ್ನು ನಡೆಸುತ್ತಿದ್ದವರು ಕಾಳಾಮುಖ ಶೈವರು. ಈ ಕಾಳಾಮುಖರ ಬಗ್ಗೆ ಹಳೆಯ ಗ್ರಂಥಗಳಲ್ಲಿ ಏನಿದೆ ಗೊತ್ತಾ? ತಲೆಬುರುಡೆಯಲ್ಲಿ ಊಟ ಮಾಡುತ್ತಾರೆ, ಹೆಣದ ಬೂದಿ ಬಳಿದುಕೊಳ್ಳುತ್ತಾರೆ, ಹೆಂಡದ ಮಡಕೆ ಇಟ್ಟು ಪೂಜೆ ಮಾಡುತ್ತಾರೆ. ಹೀಗೆ ಬರೆದವರು ಬೇರೆ ಮತದ ಆಚಾರ್ಯರು, ರಾಮಾನುಜರೂ ಅವರಲ್ಲಿ ಸೇರಿದ್ದಾರೆ. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡುತ್ತಾ ಬಂದರು.

ಈಗ 1162ರ ಶಾಸನ ನೋಡಿ. ಬಿಜ್ಜಳನ ಕಾಲದ್ದು, ಹೌದು, ಬಸವಣ್ಣನವರ ಕಥೆಯಲ್ಲಿ ಬರುವ ಅದೇ ಬಿಜ್ಜಳ. ಕೋಡಿಯ ಮಠದಲ್ಲಿ ಏನೇನು ನಡೆಯುತ್ತದೆ ಅಂತ ಅದರಲ್ಲಿ ಪಟ್ಟಿ ಇದೆ. ನಾಲ್ಕು ವೇದ ಓದುತ್ತಾರೆ. ಪಾಣಿನಿಯ ವ್ಯಾಕರಣ ಇದೆ, ಜೈನನಾದ ಶಾಕಟಾಯನನ ವ್ಯಾಕರಣವೂ ಇದೆ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಇವೆ. ಜತೆಗೆ ಬೌದ್ಧ ದರ್ಶನ. ಶೈವ ಮಠದಲ್ಲಿ ಬೌದ್ಧ ದರ್ಶನ ಪಾಠ! ಖಂಡಿಸುವುದಕ್ಕಾದರೂ ಮೊದಲು ಓದಬೇಕು ಅನ್ನುವ ಶಿಸ್ತು ಅವರಿಗಿತ್ತು. ಈಗ ನಾವು ಎದುರಾಳಿಯ ಪುಸ್ತಕ ಬಿಡಿ, ನಮ್ಮ ಕಡೆಯವರ ಪುಸ್ತಕವನ್ನೂ ಓದದೆ ಜಗಳಕ್ಕೆ ನಿಲ್ಲುತ್ತೇವೆ.

ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಆ ಮಠದಲ್ಲಿ ಯಾರಿಗೆಲ್ಲ ಅನ್ನ ಅಂದರೆ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ಬಾರಿಸುವವರಿಗೆ, ಕೊಳಲೂದುವವರಿಗೆ, ಕುಣಿಯುವವರಿಗೆ. ಜೈನ ಸನ್ಯಾಸಿಗಳಿಗೆ. ಬೇರೆ ಬೇರೆ ದೇಶದಿಂದ ಬಂದ ಭಿಕ್ಷುಕರಿಗೆ. ಕಾಯಿಲೆ ಬಿದ್ದ ಅನಾಥರಿಗೆ ಅಲ್ಲೇ ಔಷಧ.

ಇದನ್ನು ಪೂರ್ತಿ ನಂಬಿಬಿಡಿ ಅಂತ ನಾನು ಹೇಳುವುದಿಲ್ಲ. ಇದೂ ಹೊಗಳಿಕೆಯೇ. ಮಠದ ಬಗ್ಗೆ ಮಠದವರೇ ಬರೆಸಿದ್ದು, ಸ್ವಲ್ಪ ಉಪ್ಪು ಖಾರ ಸೇರಿರುತ್ತದೆ. ಆದರೆ ಯಾವುದಕ್ಕೆ ಕೊಚ್ಚಿಕೊಂಡರು ನೋಡಿ. ಇಷ್ಟು ಆನೆ ಇದೆ, ಇಷ್ಟು ಬಂಗಾರ ಇದೆ ಅಂತಲ್ಲ. ಕಿವುಡರಿಗೂ ಕೊಳಲೂದುವವರಿಗೂ ಊಟ ಹಾಕುತ್ತೇವೆ ಅಂತ. ತಲೆಬುರುಡೆಯಲ್ಲಿ ಉಣ್ಣುವವರು ಅಂತ ಹೆಸರು ಹೊತ್ತವರು ಹೀಗೆ ಬರೆಸಿದ್ದಾರೆ. ಎದುರಾಳಿ ಬರೆದಿದ್ದನ್ನೇ ಚರಿತ್ರೆ ಅಂದುಕೊಂಡರೆ ಎಂಥಾ ಅನ್ಯಾಯ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೇ ಊರಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರವೂ ಇತ್ತು. ತಾರಾ ಭಗವತಿಯ ಮೂರ್ತಿ ಈಗಲೂ ಇದೆ, ನಾಗಿಯಕ್ಕ ಅನ್ನುವ ಹೆಣ್ಣುಮಗಳು ಮಾಡಿಸಿದ್ದು. ಬಸದಿಗಳಿದ್ದವು, ವಿಷ್ಣು, ಬ್ರಹ್ಮರ ಗುಡಿಗಳಿದ್ದವು. ಹಾಗಂತ ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಓಡಾಡುತ್ತಿದ್ದರು ಅಂತಲ್ಲ. ವಾದ ಇತ್ತು, ಪೈಪೋಟಿ ಇತ್ತು, ಒಮ್ಮೊಮ್ಮೆ ಹೊಡೆದಾಟವೂ ಇತ್ತು. ಆದರೆ ಸಂತೆಗೆ ಎಲ್ಲರೂ ಒಂದೇ ಬೀದಿಯಲ್ಲಿ ಬರಬೇಕಿತ್ತು.

ಸರಿ, ಯುದ್ಧದ ವಿಷಯಕ್ಕೆ ಬರೋಣ. ನಮ್ಮ ಕಡೆ ವೀರಗಲ್ಲು ಇಲ್ಲದ ಊರು ಕಮ್ಮಿ. ಎಷ್ಟೋ ಕಡೆ ಅವು ಭೂತಪ್ಪನಾಗಿ, ಚೌಡಿಯಾಗಿ ಎಣ್ಣೆ ಕುಂಕುಮ ಹಚ್ಚಿಸಿಕೊಂಡು ನಿಂತಿವೆ. ಯಾರನ್ನಾದರೂ ಕೇಳಿ, ಯಾವುದೋ ರಾಜನ ಯುದ್ಧದಲ್ಲಿ ಸತ್ತವನದ್ದು ಅನ್ನುತ್ತಾರೆ. ಕೆಲವು ಹಾಗೆ ಹೌದು. ಆದರೆ ಕೂತು, ಕೆಳಗಿನ ಪಟ್ಟಿಕೆ ನೋಡಿ.

ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಎಲ್ಲದಕ್ಕಿಂತ ಮೇಲೆ ಶಿವಲಿಂಗ, ಪೂಜೆ ಮಾಡುವ ಯತಿ, ಬಸವ, ಆಚೀಚೆ ಸೂರ್ಯ ಚಂದ್ರ. ಜೈನರದ್ದಾದರೆ ಲಿಂಗದ ಜಾಗದಲ್ಲಿ ಜಿನ. ನಡುವೆ ವೀರನನ್ನು ಎರಡೂ ಕಡೆ ಹಿಡಿದು ಕರೆದೊಯ್ಯುವ ಅಪ್ಸರೆಯರು. ಕೆಳಗೆ ಕಾಳಗ. ವೀರ ಮಾತ್ರ ದೊಡ್ಡ ಗಾತ್ರ, ಉಳಿದವರು ಚಿಕ್ಕವರು. ಅವನ ಕಾಲ ಹತ್ತಿರವೋ ಬೆನ್ನ ಹಿಂದೆಯೋ ಸಣ್ಣದಾಗಿ ಸಾಲು ದನ ಕೆತ್ತಿರುತ್ತಾರೆ. ಕುಂಕುಮ ಗಟ್ಟಿಯಾಗಿ ಮೆತ್ತಿದ್ದರೆ ಕಾಣುವುದೇ ಇಲ್ಲ. ಆ ದನಗಳೇ ಅಲ್ಲಿನ ಕಥೆ. ಶಾಸನಗಳಲ್ಲಿ ಇದಕ್ಕೆ ತುರುಗೊಳ್ ಅನ್ನುತ್ತಾರೆ. ಪಕ್ಕದ ಊರಿನವರೋ ಕಳ್ಳರೋ ದನ ಹೊಡೆದುಕೊಂಡು ಹೋದರು, ಇವನು ಬೆನ್ನಟ್ಟಿದ, ದನ ಬಿಡಿಸಿದ, ಸತ್ತ. ಊರ ಹೆಂಗಸರ ಮೇಲೆ ಕೈ ಮಾಡಿದವರನ್ನು ತಡೆದು ಸತ್ತವರ ಕಲ್ಲುಗಳಿವೆ. ಊರ ಗಡಿಗಾಗಿ ಸತ್ತವರವಿವೆ. ಹುಲಿ, ಹಂದಿ ಜತೆ ಹೋರಾಡಿ ಸತ್ತವರವೂ ಇವೆ. (ಮಂಡ್ಯ ಕಡೆ ಆತಕೂರಿನಲ್ಲಿ ಹಂದಿ ಜತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗೇ 10ನೇ ಶತಮಾನದ ಕಲ್ಲು ಹಾಕಿಸಿದ್ದಾರೆ. ಇದು ವಿಷಯಾಂತರ, ಆದರೆ ಹೇಳದೆ ಇರೋಕೆ ಆಗಲಿಲ್ಲ.)

ಸತ್ತವನ ಮನೆಯವರಿಗೆ ಏನು? ಊರಿನವರೋ ನಾಡಿನವರೋ ಒಂದಿಷ್ಟು ಗದ್ದೆ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಅಂತ ಅದಕ್ಕೆ ಹೆಸರು. ಇವತ್ತು ಆನೆ ತುಳಿದು ಯಾರಾದರೂ ಸತ್ತರೆ ನಾವು ಏನು ಕೇಳುತ್ತೇವೆ? ಪರಿಹಾರ ಎಷ್ಟು, ಯಾವಾಗ ಬರುತ್ತದೆ ಅಂತ. ಕಾಡಂಚಿನಲ್ಲಿ ಬದುಕುವವರ ಕಷ್ಟ ಆ ಕಲ್ಲುಗಳಲ್ಲಿ ಇರುವುದಕ್ಕೂ ಇವತ್ತಿನದಕ್ಕೂ ಅಷ್ಟೇನೂ ದೂರ ಇಲ್ಲ. ಅವರು ಪರಿಹಾರದ ಆದೇಶವನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು, ಫೈಲು ಕಳೆದುಹೋಗುವ ಭಯ ಇರಲಿಲ್ಲ.

ಹೆಂಗಸರ ವಿಷಯದಲ್ಲೂ ನಮಗೆ ಎರಡೇ ಅಚ್ಚು. ಮಾಸ್ತಿಗಲ್ಲಿನ ಸತಿ ಅಥವಾ ಕತ್ತಿ ಹಿಡಿದ ರಾಣಿ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಇದೇ ಶಿಕಾರಿಪುರ ಸೀಮೆಯ ನಾಗರಖಂಡ 70, ಅಂದರೆ ಎಪ್ಪತ್ತು ಊರುಗಳ ನಾಡು, ಅದರ ಅಧಿಕಾರಿ ತೀರಿಕೊಂಡ. ಅವನ ಜಾಗಕ್ಕೆ ಅವನ ಹೆಂಡತಿ ಜಕ್ಕಿಯಬ್ಬೆಯನ್ನು ನೇಮಿಸಿದರು. ಆಡಳಿತದಲ್ಲಿ ಜಾಣೆ, ನಾಡನ್ನು ಚೆನ್ನಾಗಿ ಕಾಪಾಡಿದಳು ಅನ್ನುತ್ತದೆ ಶಾಸನ. ಮುಂದೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ, ಅಂದರೆ ಅನ್ನ ಬಿಟ್ಟು ಪ್ರಾಣ ಬಿಡುವ ಜೈನ ವ್ರತ ಹಿಡಿದು ತೀರಿಕೊಂಡಳು. ಮಗನಿಗಲ್ಲ, ಮಗಳಿಗೆ. ಇದು ಎಲ್ಲ ಕಡೆ ನಡೆಯುತ್ತಿತ್ತು ಅಂತಲ್ಲ. ಆಗದ ಮಾತೇನೂ ಆಗಿರಲಿಲ್ಲ ಅಷ್ಟೇ. ಕೆಳದಿ ಚೆನ್ನಮ್ಮನನ್ನೂ ನಾವು ಒಂದೇ ಘಟನೆಗೆ ಕಟ್ಟಿಹಾಕಿದ್ದೇವೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು. 1672ರಿಂದ 1697ರವರೆಗೆ ರಾಜ್ಯ ನಡೆಸಿದವರು ಅವರು. ಉಳಿದ ದಿನಗಳಲ್ಲಿ ಕಂದಾಯ, ಬಂದರು, ದಾನ, ತಕರಾರು ಎಲ್ಲ ನೋಡಬೇಕಿತ್ತಲ್ವಾ? ಅದರ ಬಗ್ಗೆ ಯಾರೂ ನಾಟಕ ಆಡುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ, ಮಲೆನಾಡು ಹೊರಗಿನವರಿಗೆ ಗೊತ್ತೇ ಇಲ್ಲದ ಕಾಡುಮೂಲೆ ಆಗಿತ್ತು ಅನ್ನುವುದು. 16ನೇ ಶತಮಾನದಲ್ಲಿ ಶರಾವತಿ ದಡದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ನಮ್ಮ ಘಟ್ಟದ ಮೆಣಸು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದ ಪೋರ್ಚುಗೀಸ್ ರಾಯಭಾರಿಯ ಜತೆ ಗೇರುಸೊಪ್ಪೆ ಘಟ್ಟ ಹತ್ತಿ ಕೆಳದಿ ಅರಸರ ಆಗಿನ ರಾಜಧಾನಿ ಇಕ್ಕೇರಿಗೆ ಬಂದ. ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಮರಳು ಹರಡಿಕೊಂಡು, ಬೆರಳಲ್ಲಿ ಅಂಕಿ ಬರೆಯುತ್ತಾ, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದರಂತೆ. ಮೇಷ್ಟ್ರು ಇರಲಿಲ್ಲ. ಜಾಗ ತುಂಬಿದರೆ ಅಳಿಸಿ ಹೊಸ ಮರಳು. ಅವನಿಗೆ ಅದು ಇಷ್ಟವಾಗಿ ಬರೆದುಕೊಂಡಿದ್ದಾನೆ. ಕೆಳದಿಯವರ ಅಕ್ಕಿ ಬಸರೂರಿನಿಂದ ಗೋವಾಕ್ಕೆ ಹೋಗುತ್ತಿತ್ತು. ಪೋರ್ಚುಗೀಸರ ಜತೆ ಮೆಣಸಿನ ದರಕ್ಕೆ ಚೌಕಾಸಿ ನಡೆಯುತ್ತಿತ್ತು. ಇವತ್ತು ಅಡಿಕೆ ಮಂಡಿಯಲ್ಲಿ ಕೂತು ಹೊರದೇಶದ ಅಡಿಕೆ ಬಂದು ರೇಟು ಬಿತ್ತು ಅಂತ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತೇವಲ್ಲ, ಆ ತಲೆನೋವಿಗೆ ನಾನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಹಾಗಾದರೆ ಈ ತಪ್ಪು ಓದು ಶುರುವಾಗಿದ್ದು ಎಲ್ಲಿಂದ? ಬಹಳ ಮಟ್ಟಿಗೆ 19ನೇ ಶತಮಾನದಿಂದ. ಭಾರತಕ್ಕೆ ಬಂದೇ ಇರದ ಜೇಮ್ಸ್ ಮಿಲ್ 1817ರಲ್ಲಿ ನಮ್ಮ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಅಂತ ಮೂರು ಹೋಳು ಮಾಡಿದ. ಆ ಲೆಕ್ಕದಲ್ಲಿ ಕೆಳದಿಯನ್ನು ಎಲ್ಲಿಡುತ್ತೀರಿ? 1763ರಲ್ಲಿ ಹೈದರಾಲಿ ಅವರ ಕೊನೆಯ ರಾಜಧಾನಿ ಬಿದನೂರು ಹಿಡಿಯುವ ತನಕ ನಮ್ಮ ಮಲೆನಾಡು ಅವರದ್ದೇ. ಯುರೋಪಿನವರು ತಮ್ಮ ಮಧ್ಯಯುಗವನ್ನೂ ಬಿಟ್ಟಿಲ್ಲ. ಕೊಲಂಬಸ್ ಹೊರಡುವ ತನಕ ಅಲ್ಲಿನ ಜನ ಭೂಮಿ ಚಪ್ಪಟೆ ಅಂತ ನಂಬಿದ್ದರು ಅಂತ ನಾವೆಲ್ಲ ಕೇಳಿದ್ದೇವೆ. ಅದು ಸುಳ್ಳು. ಓದಿದವರಿಗೆ ಭೂಮಿ ಗುಂಡಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ಆ ಕಥೆಗೆ ರೆಕ್ಕೆ ಬಂದಿದ್ದು 1828ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ಕೊಲಂಬಸ್ ಚರಿತ್ರೆಯಿಂದ. ತಮ್ಮ ಕಾಲ ಬೆಳಕಿನದು ಅಂತ ತೋರಿಸಲು ಹಿಂದಿನದನ್ನು ಕತ್ತಲು ಮಾಡಿದರು. ನಾವು ಅದನ್ನೇ ತಿರುಗಿಸಿ, ನಮ್ಮ ಕಾಲ ಕೆಟ್ಟಿತು ಅನ್ನುವುದಕ್ಕೆ ಹಿಂದಿನದನ್ನು ಬೆಳಗಿಸುತ್ತೇವೆ.

ಆದ್ದರಿಂದ ಇನ್ನೊಂದು ಮಗ್ಗುಲೂ ಹೇಳಬೇಕು. ಕೆಳದಿಯ ಅರಸ ಶಿವಪ್ಪ ನಾಯಕನ ಕಂದಾಯ ಪದ್ಧತಿಯನ್ನು ಶಿವಪ್ಪ ನಾಯಕನ ಶಿಸ್ತು ಅಂತ ನಾವು ಅಭಿಮಾನದಿಂದ ಹೇಳುತ್ತೇವೆ. ಒಳ್ಳೆಯ ಕೆಲಸವೇ. ಮಣ್ಣಿನ ಗುಣ ನೋಡಿ, 12 ವರ್ಷದ ಬೆಳೆಯ ಲೆಕ್ಕ ಹಿಡಿದು ಸರಾಸರಿ ತೆಗೆದು ಕಂದಾಯ ಗೊತ್ತು ಮಾಡಿದ ಅಂತ ಹೇಳುತ್ತಾರೆ. ಆದರೆ ಅರಮನೆಯ ಪಾಲು ಎಷ್ಟು? ಬೆಳೆಯ ಮೂರನೇ ಒಂದು ಭಾಗ. ಮೂರು ಮೂಟೆ ಬತ್ತಕ್ಕೆ ಒಂದು ಮೂಟೆ. ಇವತ್ತು ಅಷ್ಟು ಕೇಳಿದರೆ ನಾವು ಡಿಸಿ ಆಫೀಸಿನ ಮುಂದೆ ಕೂರುತ್ತೇವೆ.

ಲಂಚ ಇವತ್ತಿನ ರೋಗ ಅನ್ನುವವರಿಗೆ ಜಂಬೂರಿನ ಸತ್ಯಕ್ಕನನ್ನು ತೋರಿಸಿ. ನಮ್ಮ ಶಿಕಾರಿಪುರ ತಾಲ್ಲೂಕಿನ ವಚನಕಾರ್ತಿ, 12ನೇ ಶತಮಾನ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಚಿನ್ನ ಬಿದ್ದಿದ್ದರೂ ಮುಟ್ಟುವುದಿಲ್ಲ ಅಂತ ಆಣೆ ಇಡುತ್ತಾರೆ. ಲಂಚ ನಡೆಯದ ಕಾಲದಲ್ಲಿ ಯಾರೂ ಹಾಗೆ ಆಣೆ ಇಡುವುದಿಲ್ಲ.

ಶಾಸನದ ಕೊನೆಯ ಶಾಪವೂ ಅದನ್ನೇ ಹೇಳುತ್ತದೆ. ತಾನು ಕೊಟ್ಟಿದ್ದಾಗಲಿ, ಬೇರೆಯವರು ಕೊಟ್ಟಿದ್ದಾಗಲಿ, ದಾನದ ಭೂಮಿ ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಸಂಸ್ಕೃತದ ಶ್ಲೋಕ ಸಾಲದು ಅಂತ ಕನ್ನಡದಲ್ಲೂ ಬೈಯುತ್ತಾರೆ, ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ ಬರಲಿ ಅಂತ. ಕಲ್ಲಿನ ಮೇಲೆ ಕೊರೆಸುವ ಪ್ರತಿ ಅಕ್ಷರಕ್ಕೂ ಕೂಲಿ ಕೊಡಬೇಕು. ಅಷ್ಟು ಖರ್ಚು ಮಾಡಿ ಇಷ್ಟು ಬೈದಿದ್ದಾರೆ ಅಂದರೆ ಒತ್ತುವರಿ ಆಗ ಎಷ್ಟು ಮಾಮೂಲಿ ಆಗಿತ್ತು ನೀವೇ ಊಹಿಸಿ. ಬಗರ್‌ಹುಕುಂ ಅರ್ಜಿ, ಗೋಮಾಳ, ಕೆರೆ ಅಂಗಳ, ಸರ್ವೆ ಕಲ್ಲು ಕಿತ್ತ ತಕರಾರು ಅಂತ ನಾವು ತಾಲ್ಲೂಕು ಕಚೇರಿ ಸುತ್ತುತ್ತೇವೆ. ಅವರಿಗೆ ಕಚೇರಿ ಮೇಲೆ ನಂಬಿಕೆ ಸಾಲದೆ ಹುಳುವನ್ನು ಕರೆದರು.

ಇಲ್ಲಿಗೆ ನನ್ನ ಮಾತು ಸಾಕು. ಪ್ರಶ್ನೆಗಳಿಗೆ ಬರೋಣ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಹಾಗಾದ್ರೆ ರಾಜರ ಹೆಸರು, ಇಸವಿ ಓದೋದೇ ಬೇಡ್ವಾ?"

ಬೇಕಮ್ಮ. ಇಸವಿ ಇಲ್ಲದೆ ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗುವುದಿಲ್ಲ. 1162 ಅಂತ ಗೊತ್ತಿದ್ದರಿಂದಲೇ ಕೋಡಿಯ ಮಠ ಮತ್ತು ಕಲ್ಯಾಣದ ಶರಣರು ಒಂದೇ ಕಾಲದವರು ಅಂತ ತಿಳಿಯಿತು. ರಾಜನ ಹೆಸರನ್ನು ಕ್ಯಾಲೆಂಡರ್ ಥರ ಬಳಸು. ಅದರಾಚೆಗೂ ಓದು.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದರು: "ನಮ್ಮ ತೋಟದಲ್ಲಿ ಒಂದು ಬರಹದ ಕಲ್ಲಿದೆ. ಅದರ ಕೆಳಗೆ ನಿಧಿ ಐತೆ ಅಂತ ಅಮಾವಾಸ್ಯೆ ರಾತ್ರಿ ಯಾರೋ ಅಗೆದು ಹೋಗಿದಾರೆ. ಏನು ಮಾಡ್ಬೇಕು?"

ರಾಯರೇ, ಅದರ ಕೆಳಗೆ ನಿಧಿ ಇರುವುದಿಲ್ಲ. ವೀರಗಲ್ಲು ಅಂದರೆ ಸತ್ತವನ ನೆನಪು, ದಾನಶಾಸನ ಅಂದರೆ ಜಮೀನಿನ ಪತ್ರ. ಪತ್ರದ ಕೆಳಗೆ ಯಾರೂ ಬಂಗಾರ ಹೂಳುವುದಿಲ್ಲ. ಸಿಕ್ಕಿದರೂ ಅಗೆದವನದ್ದಲ್ಲ, 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು. ಅಗೆದವರ ಬಗ್ಗೆ ಪೊಲೀಸರಿಗೆ ಒಂದು ದೂರು ಕೊಡಿ. ಕಲ್ಲಿಗೆ ಎಣ್ಣೆ, ಪೇಂಟು, ಸುಣ್ಣ ಬೇಡ. ಬಿದ್ದಿದ್ದರೆ ಸಿಮೆಂಟ್ ಹಾಕಿ ನಿಲ್ಲಿಸಬೇಡಿ, ಕೆಳಗಿನ ಸಾಲುಗಳು ಒಳಗೆ ಸೇರಿಹೋಗುತ್ತವೆ. ಮೊಳೆ, ತಂತಿ ಬ್ರಷ್ ಹಿಡಿದು ಕೆರೆಯಬೇಡಿ. ಇದ್ದ ಜಾಗದಿಂದ ಸರಿಸಲೂ ಬೇಡಿ, ಅದು ಗಡಿ ಹೇಳುವ ಕಲ್ಲಾಗಿದ್ದರೆ ಜಾಗ ತಪ್ಪಿದ ಕೂಡಲೇ ಅರ್ಧ ವಿಷಯ ಹೋಯಿತು. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಮಧ್ಯಾಹ್ನ ತೆಗೆದರೆ ಸುಮ್ನೆ ಬರೀ ಕಲ್ಲು ಕಾಣುತ್ತದೆ. ನೆರಳಿನ ತೋಟವಾದರೆ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಡಿ. ಆ ಫೋಟೋ ಜತೆಗೆ ಊರು, ಸರ್ವೆ ನಂಬರು ಬರೆದು ರಾಜ್ಯ ಪುರಾತತ್ವ ಇಲಾಖೆಗೆ ಕೊಡಿ, ಇಲ್ಲವೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ತೋರಿಸಿ. ಒದ್ದೆ ಕಾಗದ ಅಂಟಿಸಿ, ಬ್ರಷ್‌ನಲ್ಲಿ ತಟ್ಟಿ, ಶಾಯಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ. ಅವರು ಬರುವ ದಿನ ಸುತ್ತಲಿನ ಕಳೆ ಸವರಿ, ಕುಡಿಯೋಕೆ ಒಂದು ಚೊಂಬು ನೀರಿಟ್ಟಿರಿ.